ಬ್ಯಾಟರಿ ಜೋಯಿಸಮ್ಮ

ಹೆಸರು ಕದ್ದವರನ್ನು ಹಿಡಿಯುವ ಪೊಲೀಸರು ಇದ್ದಿದ್ದರೆ ಹಿರಿಸೊಸೆ ತನ್ನ ಓರಗಿತ್ತಿಯ ಮೇಲೆ ಯಾವತ್ತೋ ದೂರು ಕೊಟ್ಟಿರುತ್ತಿದ್ದಳು.

ಹಳೆಯ ಬ್ಯಾಟರಿಗಳನ್ನು ಪರೀಕ್ಷಿಸುವ ಆ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಜೋಯಿಸಮ್ಮ ಎಂದರೆ ಅವಳೇ. ವಿದ್ಯುತ್ ಸ್ಕೂಟರುಗಳಿಂದ ಬಿಚ್ಚಿದ ಪ್ಯಾಕುಗಳು ಅಲ್ಲಿಗೆ ಬರುತ್ತಿದ್ದವು. ಗಾಡಿ ಎಳೆಯಲು ಸೋತಿದ್ದರೂ ಅವುಗಳಲ್ಲಿ ಇನ್ನೂ ಜೀವ ಇರುತ್ತಿತ್ತು. ಬೀದಿದೀಪಕ್ಕೋ ಅಂಗಡಿಯ ಫ್ಯಾನಿಗೋ ಆಗುತ್ತಿದ್ದವು. ಎಷ್ಟು ಕಾಲ ಆಗುತ್ತವೆ ಎಂದು ಹೇಳುವುದು ಅವಳ ಕೆಲಸ. ಪ್ಯಾಕನ್ನು ಪೂರ್ತಿ ತುಂಬಿಸಿ, ಆರಲು ಬಿಟ್ಟು, ಬೆಂಚಿನ ಮೇಲೆ ಒಂದೇ ಸಮನೆ ಖಾಲಿ ಮಾಡಿ, ಹೊಸದಿದ್ದಾಗ ಹಿಡಿಯುತ್ತಿದ್ದುದರಲ್ಲಿ ಈಗ ಎಷ್ಟು ಪಾಲು ಹಿಡಿಯುತ್ತದೆ ಎಂದು ನೋಡುತ್ತಿದ್ದಳು. ಆಮೇಲೆ ಮೀಟರಿನಲ್ಲಿ ಒಳಗಿನ ತಡೆ ಅಳೆದು, ಇನ್ನಿಷ್ಟು ತಿಂಗಳು ಎಂದು ಬರೆದ ಹಳದಿ ಚೀಟಿಯನ್ನು ಅದರ ಹೊಟ್ಟೆಗೆ ಅಂಟಿಸುತ್ತಿದ್ದಳು. ಆ ಚೀಟಿಗೆ ಕಾರ್ಖಾನೆಯವರು ಇಟ್ಟ ಹೆಸರು ಜಾತಕ. ಜಾತಕ ಬರೆಯುವವಳು ಜೋಯಿಸಮ್ಮ.

ಮೈದುನನ ಮದುವೆಯಾಗಿ ಕಿರಿಸೊಸೆ ಮನೆಗೆ ಬಂದ ಮೇಲೆ, "ಮನೇಲಿ ಸುಮ್ನೆ ಕೂತು ಏನ್ಮಾಡ್ತಾಳೆ ಅತ್ತೆ, ನನ್ ಜೊತೆ ಬರ್ಲಿ ಬಿಡಿ" ಎಂದು ಕರೆದುಕೊಂಡು ಹೋದವಳೂ ಇವಳೇ. ಬೀದಿಯಲ್ಲಿ ಹೋಗುವ ಮಾರಿಯನ್ನು ಕೂಗಿ ಮನೆಗೆ ಕರೆದ ಹಾಗೆ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಮೀಟರು ಹಿಡಿಯುವುದನ್ನು ಕಲಿಸಿದ್ದು ಇವಳು. ತಂತಿಯ ಕ್ಲಿಪ್ಪು ಸಡಿಲವಿದ್ದರೆ ಅಳತೆ ಸುಳ್ಳಾಗುತ್ತದೆ, ಪ್ಯಾಕು ಬಿಸಿಯಿದ್ದಾಗ ಅಳೆದರೆ ಅದು ಇಲ್ಲದ ಯೌವನ ತೋರಿಸುತ್ತದೆ ಎಂದು ಕೈಹಿಡಿದು ಹೇಳಿಕೊಟ್ಟದ್ದೂ ಇವಳೇ. ಕೆಲಸದವರು ಕಿರಿಸೊಸೆಯನ್ನು ಮೊದಲು 'ಸಣ್ಣ ಜೋಯಿಸಮ್ಮ' ಎಂದರು. ಹಿರಿಸೊಸೆ ನಕ್ಕಳು. ಕೆಲವು ತಿಂಗಳಲ್ಲಿ 'ಸಣ್ಣ' ಎಂಬುದು ಎಲ್ಲೋ ಉದುರಿಹೋಯಿತು. ಇಬ್ಬರು ಜೋಯಿಸಮ್ಮಂದಿರಾದರೆ ಕೂಗಿದಾಗ ಯಾರು ತಿರುಗಬೇಕು? ಅದಕ್ಕೆ ಇವಳನ್ನು 'ದೊಡ್ಡಮ್ಮ' ಎನ್ನತೊಡಗಿದರು. ತಲೆಯಲ್ಲಿ ಒಂದು ಬಿಳಿಕೂದಲೂ ಮೂಡದ ಹೆಂಗಸಿಗೆ ಎದೆಗೆ ಒದ್ದಂತಾಯಿತು.

ಅದೂ ಹೋಗಲಿ. ಬಾಗಿಲ ಪಕ್ಕ ಒಂದು ಕಬ್ಬಿಣದ ಕಪಾಟಿತ್ತು. ಚೀಟಿ ಹೇಳಿದ್ದಕ್ಕಿಂತ ಮೊದಲೇ ಸತ್ತು ವಾಪಸು ಬಂದ ಪ್ಯಾಕುಗಳನ್ನು ಅಲ್ಲಿಡುತ್ತಿದ್ದರು. ಚೀಟಿಯ ಅಕ್ಷರ ನೋಡಿದರೆ ಸಾಕು, ಯಾರು ತಪ್ಪಿದ್ದು ಎಂದು ಗೊತ್ತಾಗುತ್ತಿತ್ತು. ಹಿರಿಸೊಸೆಯ ದುಂಡನೆಯ ಅಕ್ಷರಗಳು ಆಗೀಗ ಅಲ್ಲಿ ಕಾಣುತ್ತಿದ್ದವು. ಎಷ್ಟೆಂದರೂ ಅಂದಾಜಿನ ಕೆಲಸ. ಕಿರಿಸೊಸೆಯ ಕಾಗೆ ಕಾಲಿನ ಅಕ್ಷರ ಅಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಹಿರಿಸೊಸೆ ದಿನಾ ಹುಡುಕುತ್ತಿದ್ದಳು.

ಕಿರಿಸೊಸೆ ಪ್ಯಾಕಿಗಿಂತ ಹೆಚ್ಚಾಗಿ ಜನರನ್ನು ಪರೀಕ್ಷಿಸುತ್ತಿದ್ದಳು. ಪ್ಯಾಕಿನ ಜೊತೆ ಹಳೆಯ ಸವಾರನ ಫೋನ್ ನಂಬರು ಬಂದಿದ್ದರೆ ಊಟದ ಬಿಡುವಿನಲ್ಲಿ ಅವನಿಗೆ ಫೋನು.

"ಅಣ್ಣಾ, ಗಾಡಿ ಎಲ್ಲಿ ನಿಲ್ಲಿಸ್ತಿದ್ರಿ? ಬಿಸಿಲಲ್ಲಾ? ನಿಮ್ಗಾದ್ರೆ ತಲೆ ಮೇಲೆ ಟೋಪಿ ಇತ್ತು, ಅದಕ್ಕೇನಿತ್ತು ಪಾಪ. ಚಾರ್ಜಿಗೆ ಹಾಕಿ ಮರೆತು ಮಲಗೋರಾ? ಹೆಂಡತಿ ಬೈತಿರ್ಲಿಲ್ವಾ? ಬೈತಿದ್ರಾ? ನೋಡಿ, ಅವ್ರ ಮಾತು ಕೇಳಿದ್ರೆ ಬ್ಯಾಟರಿ ಉಳೀತಿತ್ತು."

"ಇದೇನು ಪರೀಕ್ಷೆನೋ, ಕಾಡುಹರಟೆನೋ?" ಎಂದು ಹಿರಿಸೊಸೆ ಮೀಟರಿನ ಮೇಲೆ ಕಣ್ಣಿಟ್ಟೇ ಕೇಳುತ್ತಿದ್ದಳು.

"ಮೀಟರು ಇವತ್ತಿನದು ಹೇಳುತ್ತೆ ಅಕ್ಕ. ಮಂಡಿ ಎಲ್ಲಿದೆ ಅಂತ ಹೇಳಲ್ಲ."

ಮಂಡಿ ಎಂಬುದು ಕಾರ್ಖಾನೆಯ ಮಾತು. ಪ್ಯಾಕಿನ ಶಕ್ತಿ ಸಣ್ಣ ಇಳಿಜಾರಿನಲ್ಲಿ ನಡೆದ ಹಾಗೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ, ಒಂದು ಕಡೆ ದಿಢೀರನೆ ಕುಸಿಯುತ್ತದೆ. ಪರದೆಯ ಮೇಲೆ ಗೆರೆ ಅಲ್ಲಿ ಮಡಚಿದ ಮಂಡಿಯಂತೆ ಬಾಗುತ್ತದೆ. ಎರಡು ಪ್ಯಾಕುಗಳು ಇವತ್ತು ಒಂದೇ ಅಳತೆ ಕೊಟ್ಟರೂ ಒಂದು ಮಂಡಿಯ ಹತ್ತಿರ ಬಂದಿರಬಹುದು, ಇನ್ನೊಂದು ದೂರ ಇರಬಹುದು. ಹೇಗೆ ದುಡಿಸಿದ್ದರು, ಎಷ್ಟು ಬಿಸಿ ತಿಂದಿದೆ ಎಂಬುದರ ಮೇಲೆ ಅದು ನಿಂತಿದೆ. ಪ್ಯಾಕಿನ ಒಳಗಿನ ಚಿಪ್ಪಿನಲ್ಲಿ ಆ ಚರಿತ್ರೆಯೆಲ್ಲ ಇರುತ್ತದೆ, ಆದರೆ ಮಾರುವ ಕಂಪನಿಯವರು ಅದನ್ನು ಅಳಿಸಿಯೇ ಕಳಿಸುತ್ತಿದ್ದರು.

ಇದೆಲ್ಲ ಹಿರಿಸೊಸೆಗೆ ಗೊತ್ತಿರಲಿಲ್ಲವೆಂದಲ್ಲ. ಅವಳೂ ಒಂದೆರಡು ಸಲ ಫೋನು ಮಾಡಿ ನೋಡಿದ್ದಳು. "ಯಾವ ಕಂಪನಿಯಮ್ಮಾ? ನಮಗೆ ಲೋನ್ ಬೇಡ" ಎಂದು ಇಟ್ಟುಬಿಟ್ಟಿದ್ದರು. ಕಿರಿಸೊಸೆಗೆ ಮಾತ್ರ ಊರಿನ ಗಂಡಸರೆಲ್ಲ ತಮ್ಮ ಹೆಂಡತಿ ಬೈದದ್ದನ್ನೂ ಸೇರಿಸಿ ಹೇಳುತ್ತಿದ್ದರು. ಹಿರಿಸೊಸೆಗೆ ಹೊಟ್ಟೆ ಉರಿಯುತ್ತಿದ್ದುದು ಅದಕ್ಕೆ. ವಿದ್ಯೆಯಾದರೆ ಕಲಿಯಬಹುದು. ಜನ ಬಾಯಿ ಬಿಡುವುದನ್ನು ಯಾರ ಹತ್ತಿರ ಕಲಿಯುವುದು?

ಒಂದು ಭಾನುವಾರ ಊಟಕ್ಕೆ ಕೂತಾಗ ಗಂಡ ಫೋನನ್ನು ಮಗ್ಗುಲಿಗಿಟ್ಟ. ಬೆನ್ನಿನ ಮುಚ್ಚಳ ಹೊಸದು.

"ಏನಾಯ್ತು ಇದಕ್ಕೆ?"

"ಬ್ಯಾಟರಿ ಬದಲಾಯಿಸ್ದೆ. ಇನ್ನೇನು ಉಬ್ಬುತ್ತೆ, ಈಗ್ಲೇ ತೆಗೆಸಿ ಅಂದ್ಲು. ಅಂಗಡಿಯವನು ಬಿಚ್ಚಿದ್ರೆ ನಿಜವಾಗ್ಲೂ ಉಬ್ಬಿತ್ತು."

"ಯಾರಂದಿದ್ದು?"

ಗಂಡ ಅನ್ನ ಕಲಸುತ್ತಲೇ ಗದ್ದ ಎತ್ತಿ ಕಿರಿಸೊಸೆಯನ್ನು ತೋರಿಸಿದ.

"ನನ್ನ ಕೇಳೋಕೇನಾಗಿತ್ತು?"

"ನಿನ್ನ ಕೇಳಿದ್ರೆ ಬೈತೀಯ. ದಿಂಬಿನ ಕೆಳಗೆ ಇಟ್ಕೊಂಡು ಚಾರ್ಜ್ ಮಾಡ್ತೀರ ಅಂತ."

"ಮಾಡ್ತೀರಲ್ಲ?"

"ಮಾಡ್ತೀನಿ. ಅದಕ್ಕೇ ಕೇಳ್ಲಿಲ್ಲ."

ಅತ್ತೆ ನಕ್ಕು ಕೆಮ್ಮಿದರು. "ಬೈದು ಹೇಳೋ ಡಾಕ್ಟ್ರು, ಮಾತಾಡ್ಸಿ ಹೇಳೋ ಡಾಕ್ಟ್ರು ಇಬ್ರೂ ಒಂದೇ ಬೀದೀಲಿದ್ರೆ ಜನ ಎಲ್ಲಿ ಕ್ಯೂ ನಿಲ್ತಾರೆ ಹೇಳೇ."

"ಅಕ್ಕನೇ ಅತ್ತೆ ನನಗೆ ಎಲ್ಲ ಹೇಳ್ಕೊಟ್ಟಿದ್ದು," ಎಂದಳು ಕಿರಿಸೊಸೆ.

ಆ ಮಾತು ಬೇರೆ ಕೇಡು. ಗಂಡ ಇನ್ನೊಬ್ಬಳ ಹಿಂದೆ ಬಿದ್ದಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು. ಬ್ಯಾಟರಿ ತೋರಿಸಲು ಹೋದವನನ್ನು ಏನಂತ ಕೇಳುವುದು? ಓರಗಿತ್ತಿ ಸೊಕ್ಕಿನವಳಾಗಿದ್ದರೆ ಬೈಯಬಹುದಿತ್ತು. ಅವಳು ಅದಕ್ಕೂ ಅವಕಾಶ ಕೊಡುತ್ತಿರಲಿಲ್ಲ. ಹಿರಿಸೊಸೆ ಎರಡನೆಯ ಸಲ ಅನ್ನ ಬಡಿಸಿಕೊಳ್ಳದೆ ಎದ್ದಳು. ಅದನ್ನೂ ಯಾರೂ ಗಮನಿಸಲಿಲ್ಲ.

ಹೀಗಿರುವಾಗ ಕಾರ್ಖಾನೆಯ ಯಜಮಾನರು ಹಿಂಬದಿಯ ಗೋದಾಮಿಗೆ ಬಣ್ಣ ಹೊಡೆಸಿ ಹೊಸ ಪರೀಕ್ಷಾ ಕೋಣೆ ಮಾಡುವೆನೆಂದರು. ಹೊಸಬರು ಬರುತ್ತಾರೆ, ಅವರಿಗೆ ಕಲಿಸಲು, ಕೊನೆಯ ಮಾತು ಹೇಳಲು ಒಬ್ಬ ಮುಖ್ಯಸ್ಥೆ ಬೇಕು. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮೇಜಿನ ಮೇಲೆ ಹುಡುಕುವ ಮನುಷ್ಯ ಅವರು. ಎದುರಿನವರ ಮುಖ ಬಾಡುವುದನ್ನು ನೋಡಲಾರರು.

"ನೀವಿಬ್ರೂ ಒಂದೇ ಮನೆಯವರು," ಎಂದರು. "ನಾನು ಯಾರಿಗೆ ಕೊಟ್ರೂ ಇನ್ನೊಬ್ಬರ ಮುಖ ದಿನಾ ನೋಡ್ಬೇಕು. ಮೆಷೀನೇ ಹೇಳ್ಲಿ. ಮುಂದಿನ ಸಲ ವ್ಯಾನಿಂದ ಯಾವ ಪ್ಯಾಕು ಮೊದ್ಲು ಇಳಿಯುತ್ತೋ ಅದು. ಇಬ್ರೂ ಬೇರೆ ಬೇರೆ ನೋಡಿ, ಎಷ್ಟು ಬಾಳುತ್ತೆ ಅಂತ ಬೋರ್ಡ್ ಮೇಲೆ ಬರೀರಿ. ಆಮೇಲೆ ಓಡಿಸಿ ನೋಡೋಣ."

ಓಡಿಸುವ ಮೆಷೀನು ಎಂದರೆ, ಪ್ಯಾಕನ್ನು ಬಿಡುವಿಲ್ಲದೆ ತುಂಬಿಸಿ ಖಾಲಿ ಮಾಡಿ ತಿಂಗಳ ದುಡಿಮೆಯನ್ನು ಕೆಲವೇ ದಿನಗಳಲ್ಲಿ ಮುಗಿಸಿಬಿಡುವ ಯಂತ್ರ.

ಆ ಕೋಣೆ ತನಗೆ ಬರಬೇಕೆಂದು ಹಿರಿಸೊಸೆ ಎಷ್ಟು ಆಸೆಪಟ್ಟಳೆಂದರೆ, ಬಣ್ಣದವನು ಏಣಿ ತಂದ ದಿನವೇ ಹೋಗಿ ಬೆಂಚು ಎಲ್ಲಿ ಹಾಕಿಸಬೇಕೆಂದು ನಿಂತು ನೋಡಿ ಬಂದಳು. ಆಸೆಯ ಪಕ್ಕದಲ್ಲೇ ಇನ್ನೊಂದು ಇತ್ತು. ತನಗೆ ಸಿಗದಿದ್ದರೂ ಚಿಂತೆಯಿಲ್ಲ, ಅವಳಿಗೆ ಸಿಗಬಾರದು.

ವ್ಯಾನು ಬಂದಾಗ ಕಿರಿಸೊಸೆ ಒಳಗೆ ಯಾರದೋ ಜೊತೆ ಫೋನಿನಲ್ಲಿದ್ದಳು. ಹಿರಿಸೊಸೆ ಗೇಟಿನಲ್ಲಿ ನಿಂತಿದ್ದಳು. ವ್ಯಾನಿನವನು ಮೊದಲ ಪ್ಯಾಕನ್ನು ಇಳಿಸಿ ಕೈ ಒರೆಸಿಕೊಂಡ.

"ಈ ಪುಣ್ಯಾತ್ಮ ಬ್ಯಾಟರಿನ ಕತ್ತೆ ಅಂದ್ಕೊಂಡಿದ್ದ ದೊಡ್ಡಮ್ಮ. ಪಾರ್ಸಲ್ ಹಂಚೋನು. ನಡು ಮಧ್ಯಾಹ್ನ ಬಿಸಿಲಲ್ಲೇ ಸ್ಪೀಡ್ ಚಾರ್ಜಿಗೆ ಹಾಕೋದು, ಆರೋದ್ರೊಳಗೆ ಮತ್ತೆ ಓಡ್ಸೋದು. ಬಿಚ್ಕೊಂಡಾಗ ನನ್ ಕೈ ಚುರ್ ಅಂತು."

"ನಂಬರ್ ಇದ್ಯಾ ಅವನ್ದು?"

"ಚೀಟಿ ಎಲ್ಲೋ ಹಾರೋಯ್ತು. ಅವನೂ ಕೆಲಸ ಬಿಟ್ಟು ಹೋದನಂತೆ."

ವ್ಯಾನು ಹೊರಟ ಮೇಲೆ ಕಿರಿಸೊಸೆ ಫೋನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ ಓಡಿ ಬಂದಳು. ಪ್ಯಾಕನ್ನು ಸುತ್ತಿ ನೋಡಿದಳು. "ನಂಬರ್ ಚೀಟಿ ಇಲ್ವಲ್ಲ. ಅಕ್ಕ, ಯಾರ ಗಾಡೀದು ಅಂತ ಏನಾದ್ರೂ ಹೇಳಿದ್ನಾ?"

ಸುಳ್ಳು ಹೇಳಬೇಕೆಂದು ಹಿರಿಸೊಸೆ ಮೊದಲೇ ಎಣಿಸಿರಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಗೇಟಿಗೆ ಮೊದಲು ಹೋಗಿ ನಿಂತದ್ದು ಗಾಳಿ ತೆಗೆದುಕೊಳ್ಳಲು ಅಲ್ಲ.

"ಯಾರೋ ಮೇಷ್ಟ್ರದಂತೆ," ಎಂದಳು. "ಮನೆಯಿಂದ ಶಾಲೆ, ಶಾಲೆಯಿಂದ ಮನೆ. ನೆರಳು ಹುಡುಕಿ ನಿಲ್ಲಿಸ್ತಿದ್ರಂತೆ."

"ಪಾಪ, ಮೇಷ್ಟ್ರಲ್ವಾ. ಚಾರ್ಜಿಗೂ ಟೈಮ್ ಟೇಬಲ್ ಹಾಕಿರ್ತಾರೆ." ಕಿರಿಸೊಸೆ ನಕ್ಕು ಪ್ಯಾಕಿನ ಒಂದು ತುದಿ ಹಿಡಿದಳು. ಹಿರಿಸೊಸೆ ಇನ್ನೊಂದು ತುದಿ ಹಿಡಿದಳು. ಬೇರೆ ಯಾರ ಮಾತಾಗಿದ್ದರೂ ಕಿರಿಸೊಸೆ ಇನ್ನೊಬ್ಬರಲ್ಲಿ ವಿಚಾರಿಸಿ ನೋಡುತ್ತಿದ್ದಳು. ವ್ಯಾನಿನವನಿಗೇ ಒಂದು ಫೋನು ಸಾಕಿತ್ತು. ಆದರೆ ಹೇಳಿದ್ದು ಅಕ್ಕ. ಅದನ್ನು ಹಾಗೆಯೇ ಇಟ್ಟುಕೊಂಡಳು.

ಅಳತೆ ಇಬ್ಬರಿಗೂ ಒಂದೇ ಬಂತು; ಒಳ್ಳೆಯ ಅಳತೆಯೇ. ಕಿರಿಸೊಸೆ ಬೋರ್ಡಿನ ಮೇಲೆ ಎರಡು ವರ್ಷ ಎಂದು ಬರೆದಳು. ಹಿರಿಸೊಸೆ ಐದು ತಿಂಗಳು ಎಂದು ಬರೆದಳು.

"ದೊಡ್ಡಮ್ಮ, ಇದು ಜಾತಕಾನಾ ಶಾಪಾನಾ?" ಎಂದ ಬೆಸುಗೆಯವನು. ಎಲ್ಲರೂ ನಕ್ಕರು.

ಮೆಷೀನು ಓಡತೊಡಗಿತು. ಬೆಳಗ್ಗೆ ಬಂದವರೆಲ್ಲ ಚೀಲ ಇಳಿಸುವ ಮೊದಲು ಪರದೆ ನೋಡುತ್ತಿದ್ದರು. ಗೆರೆ ಮೇಜಿನ ಅಂಚಿನಂತೆ ನೇರವಾಗಿ ಹೋಗುತ್ತಿತ್ತು. ಎರಡು ತಿಂಗಳ ದುಡಿಮೆ ಮುಗಿಯಿತು, ಗೆರೆ ಅಲುಗಲಿಲ್ಲ. ಮೂರು ಮುಗಿಯಿತು. ನಾಲ್ಕರ ಹೊತ್ತಿಗೆ ಹಿರಿಸೊಸೆಗೆ ವ್ಯಾನಿನವನ ಮೇಲೆ ಅನುಮಾನ ಬಂತು. ಬಾಯಿಚಪಲದ ಮನುಷ್ಯ, ಯಾರದೋ ಕಥೆ ಯಾವುದಕ್ಕೋ ಅಂಟಿಸಿರಬಹುದು. ಸುಳ್ಳು ಹೇಳಿಯೂ ಸೋತರೆ ಅದಕ್ಕಿಂತ ಮಾನಗೇಡು ಇನ್ನೊಂದಿಲ್ಲ. ಅವಳು ಮೆಷೀನಿನ ಪಕ್ಕ ಹಾದುಹೋಗುವಾಗಲೆಲ್ಲ ಪ್ಯಾಕನ್ನು ಸತ್ತುಹೋಗು ಎಂಬಂತೆ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಕಿರಿಸೊಸೆ ಎರಡು ಲೋಟ ಟೀ ತಂದು ಪಕ್ಕದ ಸ್ಟೂಲಿನಲ್ಲಿ ಕೂತಳು.

"ಅಕ್ಕ, ಒಂದು ಕೇಳ್ಲಾ? ಐದು ತಿಂಗಳು ಅಂತ ಯಾಕಂದ್ರಿ?"

"ಹಾಗನ್ನಿಸ್ತು."

"ಅಳತೆ ಚೆನ್ನಾಗೇ ಇತ್ತು. ಮೇಷ್ಟ್ರ ಪ್ಯಾಕು ಬೇರೆ. ನಾನೇನೋ ನೋಡಿಲ್ಲ, ನೀವು ನೋಡಿದ್ದೀರ ಅಂತ ತಲೆ ಕೆಡ್ತಿದೆ. ಹೇಳಿಕೊಡಿ ಅಕ್ಕ. ಬೋರ್ಡ್ ಮೇಲೆ ಬರೆದಿದ್ದು ಇನ್ನೇನು ಬದಲಾಗಲ್ಲ."

ಆಗ ಹೇಳಬಹುದಿತ್ತು. ತಮಾಷೆಗೆಂದು ಹೇಳಿದೆ ಎನ್ನಬಹುದಿತ್ತು. ಕಿರಿಸೊಸೆ ನಕ್ಕು ಬಿಟ್ಟುಬಿಡುತ್ತಿದ್ದಳು. ಹಿರಿಸೊಸೆ ಟೀಯ ಮೇಲಿನ ಕೆನೆಯನ್ನು ಬೆರಳಿನಿಂದ ತೆಗೆದು ಲೋಟದ ಅಂಚಿಗೆ ಸವರಿದಳು.

"ಮೇಷ್ಟ್ರುಗಳೆಲ್ಲ ಒಂದೇ ಥರ ಇರ್ತಾರಾ," ಎಂದಳು.

ಕಿರಿಸೊಸೆ ಅದನ್ನೂ ಬುದ್ಧಿಮಾತೆಂದು ತೆಗೆದುಕೊಂಡು ತಲೆಯಾಡಿಸಿದಳು. ಹಿರಿಸೊಸೆಗೆ ಅದಕ್ಕೂ ಸಿಟ್ಟು ಬಂತು. ಇಷ್ಟು ಸಲೀಸಾಗಿ ನಂಬಲು ಬರುವುದೂ ಒಂದು ಭಾಗ್ಯವೇ. ತನಗೆ ಅದೂ ಬರಲಿಲ್ಲವಲ್ಲ.

ಐದನೆಯ ತಿಂಗಳ ಲೆಕ್ಕ ಮುಗಿಯುವ ಮೊದಲು ಗೆರೆ ಬಾಗಿತು. ಬೆಳಗ್ಗೆ ಸ್ವಲ್ಪ, ಊಟದ ಹೊತ್ತಿಗೆ ಚೆನ್ನಾಗಿ, ಮಾರನೆಯ ದಿನಕ್ಕೆ ಬಾವಿಗೆ ಬಿದ್ದ ಕೊಡದ ಹಾಗೆ. "ಮಂಡಿ ಊರ್ತು, ಮಂಡಿ ಊರ್ತು" ಎಂದು ಬೆಸುಗೆಯವನು ಕೂಗಿಕೊಂಡು ಬಂದ. ಶಾಪ ಎಂದಿದ್ದ ಬಾಯಲ್ಲೇ "ನಮ್ಮ ಹಳೇ ಜೋಯಿಸಮ್ಮ ಅಂದ್ರೆ ಸುಮ್ನೇನಾ" ಎಂದ. ಆ ಹೆಸರು ಕಿವಿಗೆ ಬಿದ್ದಾಗ ಹಿರಿಸೊಸೆಗೆ ಮೈಯೆಲ್ಲ ತಂಪಾಯಿತು. 'ಹಳೇ' ಎಂಬುದೂ ಜೊತೆಗೆ ಸೇರಿಕೊಂಡಿದೆ ಎಂದು ಹೊಳೆದದ್ದು ಆಮೇಲೆ.

ಯಜಮಾನರು ಇಬ್ಬರನ್ನೂ ಒಳಗೆ ಕರೆದರು. ಕನ್ನಡಕ ಈ ಸಲ ಮೂಗಿನ ಮೇಲೆಯೇ ಇತ್ತು.

"ಕೋಣೆ ನಿಮ್ಮದೇ ಅಮ್ಮ. ಒಂದೇ ಒಂದು ಮಾತು. ಮೀಟರು ನಿಮ್ಮಿಬ್ಬರಿಗೂ ಒಂದೇ ಹೇಳಿತ್ತು. ನೀವು ಐದು ತಿಂಗಳು ಅಂದಿದ್ದು ಹೇಗೆ?"

"ಅನುಭವ ಸರ್."

"ಅನುಭವ ಅಂತ ಬೋರ್ಡ್ ಮೇಲೆ ಬರೆದು ಹೊಸಬರಿಗೆ ಪಾಠ ಮಾಡೋಕಾಗುತ್ತಾ? ಏನೋ ಒಂದು ನೋಡಿರ್ಬೇಕಲ್ಲ. ಸುಮ್ನೆ ಬಾಯಿಗೆ ಬಂದಿದ್ದು ಹೊಂದ್ಕೊಳ್ತು ಅಂದ್ರೆ ಅದು ಲಾಟರಿ. ಲಾಟರಿ ಹೊಡೆದವರಿಗೆ ಕೋಣೆ ಕೊಟ್ರೆ ನಾಳೆ ನನಗೆ ಕಷ್ಟ." ಅವರ ದನಿಯಲ್ಲಿ ಅನುಮಾನವೇನೂ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳುತ್ತಿದ್ದರು. "ಹೇಳಿ. ಈ ಹುಡುಗಿಗೂ ಗೊತ್ತಾಗ್ಲಿ."

ಕಿರಿಸೊಸೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳ ಮುಖದಲ್ಲಿ ಸೋತವಳ ಕಳೆ ಇರಲಿಲ್ಲ; ಪಾಠಕ್ಕೆ ಕೂತವಳ ಹಾಗೆ ಕಾಯುತ್ತಿದ್ದಳು.

ಲಾಟರಿ ಎಂದು ಒಪ್ಪಿಕೊಂಡರೆ ಕೋಣೆ ಹೋಯಿತು, ಅದು ಹೋಗುವುದು ಯಾರಿಗೆಂದೂ ಗೊತ್ತಿತ್ತು. ನಿಜ ಹೇಳಿದರೆ ಅದರ ಹಿಂದಿನ ಸುಳ್ಳು ಇಲ್ಲಿ ಒಬ್ಬಳಿಗೆ ಮಾತ್ರ ತಿಳಿಯುತ್ತದೆ.

"ಅದು ಪಾರ್ಸಲ್ ಹಂಚೋನ ಗಾಡೀದು ಸರ್," ಎಂದಳು. "ವ್ಯಾನಿನವನು ಹೇಳಿದ್ದ. ಬಿಸಿಲಲ್ಲಿ ಸ್ಪೀಡ್ ಚಾರ್ಜ್ ಮಾಡ್ತಿದ್ನಂತೆ, ಆರೋಕೂ ಬಿಡದೆ ಓಡಿಸ್ತಿದ್ನಂತೆ. ಅಂಥದು ಅಳತೆ ಎಷ್ಟೇ ಚೆನ್ನಾಗಿದ್ರೂ ಮಂಡಿ ಹತ್ರ ಬಂದಿರುತ್ತೆ. ಮೀಟರು ಇವತ್ತಿನದು ಮಾತ್ರ ಹೇಳುತ್ತೆ ಸರ್."

ಹೇಳಿ ಮುಗಿಸಿದ ಮೇಲೆ, ಕೊನೆಯ ಮಾತು ಯಾರದೆಂದು ಅವಳಿಗೇ ಹೊಳೆಯಿತು.

"ಇದು ಸರಿ, ಇದು ಕಲಿಸೋ ಮಾತು," ಎಂದು ಯಜಮಾನರು ಖುಷಿಯಾದರು. ಕಿರಿಸೊಸೆಯ ಕಡೆ ತಿರುಗಿದರು. "ನೀನು ಕೇಳಿರ್ಲಿಲ್ವೇನಮ್ಮ ಯಾರ ಗಾಡೀದು ಅಂತ? ನೀನು ಯಾವಾಗ್ಲೂ ಕೇಳ್ತೀಯಲ್ಲ."

ಕಿರಿಸೊಸೆ ಹಿರಿಸೊಸೆಯನ್ನು ನೋಡಲಿಲ್ಲ. ಮೆಷೀನಿನಿಂದ ಬಿಚ್ಚಿ ಮೇಜಿನ ಮೇಲಿಟ್ಟಿದ್ದ ಪ್ಯಾಕನ್ನು ನೋಡಿದಳು.

"ಸರಿಯಾಗಿ ಕೇಳ್ಲಿಲ್ಲ ಸರ್," ಎಂದಳು.

ಅಷ್ಟೇ. ಅತ್ತಿದ್ದರೆ, ಕೂಗಿದ್ದರೆ, ಯಜಮಾನರ ಮುಂದೆ ನಿಂತು ಇವಳು ಸುಳ್ಳುಗಾತಿ ಎಂದಿದ್ದರೆ ಹಿರಿಸೊಸೆ ಎದುರು ವಾದಿಸಲು ಸಿದ್ಧಳಿದ್ದಳು. ಆ ಒಂದು ಮಾತಿನಲ್ಲೂ ಅವಳು ತನಗಿಂತ ಒಂದು ಮೆಟ್ಟಿಲು ಮೇಲೆ ಹೋಗಿ ನಿಂತಳಲ್ಲ ಎಂದು ಹಿರಿಸೊಸೆಗೆ ಉರಿಯಿತು. ಗೆದ್ದ ಗಳಿಗೆಯಲ್ಲೂ ಉರಿಯಿತು.

ಸಂಜೆ ಸ್ಕೂಟರಿನಲ್ಲಿ ಇಬ್ಬರೂ ಎಂದಿನಂತೆ ಹೊರಟರು. ಹಿರಿಸೊಸೆ ಓಡಿಸುವುದು, ಕಿರಿಸೊಸೆ ಹಿಂದೆ. ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನಿಂದ ದನಿ ಬಂತು.

"ಮೇಷ್ಟ್ರು ಅಂದಿದ್ರಿ."

"ಅವನು ಮೊದ್ಲು ಹಾಗೇ ಹೇಳಿದ್ದು. ಆಮೇಲೆ..."

"ಬಿಡಿ ಅಕ್ಕ. ಗಾಡಿ ಬಿಡಿ, ಹಸಿರು ಬಂತು."

ಮನೆಯಲ್ಲಿ ಸುದ್ದಿ ಹೇಳಿದವಳೂ ಕಿರಿಸೊಸೆಯೇ. "ಅಕ್ಕನಿಗೆ ಸಿಕ್ತು" ಎಂದು ಚಪ್ಪಲಿ ಬಿಡುತ್ತಲೇ ಹೇಳಿದಳು.

"ಹೌದಾ? ನಿನಗೇ ಕೊಡ್ತಾರೆ ಅಂದ್ಕೊಂಡಿದ್ನಲ್ಲೇ," ಎಂದರು ಅತ್ತೆ. ಆಮೇಲೆ ಹಿರಿಸೊಸೆಯ ಮುಖ ನೋಡಿ, "ಯಾರಿಗಾದ್ರೇನು, ಮನೆಗೇ ಬಂತಲ್ಲ" ಎಂದು ಸೇರಿಸಿದರು. ಗಂಡ ಒಳ್ಳೆಯದಾಯಿತು ಎಂದು ಹೇಳಿ ಟಿವಿಯ ಸದ್ದು ತಗ್ಗಿಸಿ, ಮತ್ತೆ ಏರಿಸಿದ.

ಹೊಸ ಕೋಣೆಯಲ್ಲಿ ಬೆಂಚು ಹಿರಿಸೊಸೆ ಹೇಳಿದ ಕಡೆಯೇ ಬಂತು. ಹೊಸಬರು ಅವಳನ್ನು ಮೇಡಂ ಎಂದರು. ಕಿರಿಸೊಸೆ ಅವಳ ಕೈಕೆಳಗೆ ಕೆಲಸ ಮಾಡಿದಳು, ಹೇಳಿದ್ದಕ್ಕೆಲ್ಲ ಹೂಂ ಅಕ್ಕ ಎಂದಳು, ಟೀ ತಂದುಕೊಡುವುದನ್ನೂ ಬಿಡಲಿಲ್ಲ. ಏನೂ ಬದಲಾಗಲಿಲ್ಲ ಎಂದೇ ಯಾರಾದರೂ ಹೇಳುತ್ತಿದ್ದರು. ಆದರೆ ಹಿರಿಸೊಸೆ "ಇದು ಅಂಗಡಿಯವನ ಗಾಡೀದಂತೆ" ಎಂದರೆ ಕಿರಿಸೊಸೆ ಹೂಂ ಅಕ್ಕ ಎನ್ನುತ್ತಿದ್ದಳು, ಸ್ವಲ್ಪ ಹೊತ್ತಿಗೆ ಹೊರಗೆ ಹೋಗಿ ವ್ಯಾನಿನವನಿಗೆ ಫೋನು ಮಾಡುತ್ತಿದ್ದಳು. "ಇದು ಆರಿದೆ, ಅಳೆಯಬಹುದು" ಎಂದರೆ ಹೂಂ ಅಕ್ಕ ಎಂದು ಅಂಗೈ ಇಟ್ಟು ತಾನೂ ನೋಡುತ್ತಿದ್ದಳು. ಇದರಲ್ಲಿ ಕುಹಕ ಇರಲಿಲ್ಲ. ಒಂದು ಸಲ ತಪ್ಪು ತೋರಿಸಿದ ಮೀಟರನ್ನು ಇನ್ನೊಂದರ ಜೊತೆ ಇಟ್ಟು ನೋಡುವುದಿಲ್ಲವೇ, ಹಾಗೆ.

ಹೊಸಬರು ಅದನ್ನು ನೋಡಿಯೇ ಕಲಿತರು. ಮೇಡಂ ಹೇಳಿದ್ದನ್ನು ಇನ್ನೊಮ್ಮೆ ನೋಡುವುದು ಕೆಲಸದ ರೀತಿ ಎಂದುಕೊಂಡರು.

ಒಂದು ಸಂಜೆ ಮನೆಯಲ್ಲಿ ಹಿರಿಸೊಸೆ ಒಲೆಯ ಮುಂದೆ ಸಾರು ಕುದಿಸುತ್ತಿದ್ದಳು. ಅತ್ತೆಗೆ ಮಾತ್ರೆ ಕೊಡುವ ಹೊತ್ತಾಗಿತ್ತು. "ಇದನ್ನ ಇಳಿಸಿ ಬಡಿಸ್ಬಿಡು," ಎಂದಳು. "ಉಪ್ಪು ಹಾಕಿದ್ದೀನಿ."

"ಹೂಂ ಅಕ್ಕ."

ಮಾತ್ರೆ ಕೊಟ್ಟು ತಿರುಗಿ ಬರುವಾಗ ಬಾಗಿಲಿನಿಂದ ಕಂಡಿತು. ಕಿರಿಸೊಸೆ ಸೌಟಿನ ತುದಿಯಿಂದ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿದಳು. ಆಮೇಲೆ ಪಾತ್ರೆ ಇಳಿಸಿದಳು.

ಉಪ್ಪು ಸರಿಯಾಗಿಯೇ ಇತ್ತು.